ಸುಮಂಗಲಾಳ ಪರ ನಿಂತ ಕರಿ ಗೌನು

ನಾನು ಒಂದು ಕರಿ ಗೌನು, ವಕೀಲರು ಹಾಕಿಕೊಳ್ಳುವಂಥದ್ದು. ಹುಟ್ಟಿದ್ದು ಧಾರವಾಡದ ಟಿಕಾರೆ ರಸ್ತೆಯ ಒಂದು ಟೇಲರ್ ಅಂಗಡಿಯಲ್ಲಿ. ತೋಳು ಅಗಲ, ಬೆನ್ನಿಗೆ ನೆರಿಗೆ. ತೊಟ್ಟವರು ಒಂದು ಗೇಣು ಎತ್ತರ ಕಾಣಬೇಕು, ಹಾಗೆ ಹೊಲಿದಿದ್ದರು. ಆ ಜಂಬ ನನಗೆ ಇವತ್ತಿಗೂ ಇದೆ.

ಮೊದಲು ನನ್ನನ್ನು ತೊಟ್ಟವರು ಗಲಗಲಿ ವಕೀಲರು. ಅವರ ಹತ್ತಿರ ಬರುತ್ತಿದ್ದುದೆಲ್ಲ ಬದುವಿನ ಜಗಳ, ಹಿಸ್ಸೆಯ ಜಗಳ. ಕೇಳಿ ಕೇಳಿ ನನಗೆ ಆಕಳಿಕೆ ಬರುತ್ತಿತ್ತು. ಕಣ್ಣು ಮಂಜಾಗಿ ಕೋರ್ಟು ಬಿಟ್ಟ ದಿನ ಅವರು ನನ್ನನ್ನು ತಮ್ಮ ಜೂನಿಯರ್ ನೀಲಾಂಬಿಕಾ ಹೊಸಮನಿಯವರ ಹೆಗಲಿಗೆ ಕೈಯಾರೆ ಹಾಕಿದರು. ಅದು ಆ ಆಫೀಸಿನ ರೂಢಿ. ನೀಲಾಂಬಿಕಾ ಗಿಡ್ಡ ಆಳು, ದನಿಯೂ ಸಣ್ಣದು. ಇವರಿಂದ ಏನಾದೀತು ಅಂದುಕೊಂಡೆ.

ಒಂದು ದಿನ ಸುಮಂಗಲಾ ಎಂಬ ಹೆಣ್ಣುಮಗಳು ಆರು ವರ್ಷದ ಮಗಳು ಇಂಚರಾಳ ಕೈಹಿಡಿದು ಬಂದಳು. ಗಂಡನ ಜೊತೆ ಯುರೋಪಿನಲ್ಲಿದ್ದವಳು, ಹೊಡೆತ ತಾಳಲಾರದೆ ಮಗುವಿನೊಂದಿಗೆ ಹುಬ್ಬಳ್ಳಿಯ ಅಕ್ಕನ ಮನೆಗೆ ಓಡಿಬಂದಿದ್ದಳು. ಮಗುವನ್ನು ವಾಪಸು ಕಳಿಸಬೇಕೆಂದು ಅಲ್ಲಿಯ ಕೋರ್ಟು ಹೇಳಿತ್ತು. ಆ ಆದೇಶ ಹಿಡಿದು ಗಂಡ ನಮ್ಮ ಹೈಕೋರ್ಟಿಗೆ ಬಂದಿದ್ದ. ಹೆಂಡತಿ ಮಗಳನ್ನು ಕದ್ದು ಒಯ್ದಿದ್ದಾಳೆ, ಕೊಡಿಸಿ ಎಂಬುದು ಅವನ ಅರ್ಜಿ.

"ಅಲ್ಲಿ ಪೊಲೀಸರ ಮುಂದ ಹೇಳಿದ್ರೇನು?" ನೀಲಾಂಬಿಕಾ ಕೇಳಿದರು.

"ಒಮ್ಮೆ ಮನಿಗೆ ಬಂದಿದ್ರು. ಎಲ್ಲಾ ಹೇಳಿದ್ದೆರಿ ಅಕ್ಕಾರ. ಕೇಳಿದ್ರು, ತಲಿ ಅಲ್ಲಾಡಿಸಿದ್ರು, ಹೋದ್ರು. ಆಮ್ಯಾಲ ನಾ ಯಾರ ಮುಂದೂ ಬಾಯಿ ಬಿಡಲಿಲ್ಲ."

ಗಂಡನ ಕಡೆಯವರು ಹಾಜರುಪಡಿಸಿದ ಕಾಗದಗಳಲ್ಲಿ ಆ ಪೊಲೀಸರ ವರದಿಯೂ ಇತ್ತು. ಜಗಳವೇನೂ ಇಲ್ಲ, ತವರು ನೆನಪಾಗಿ ಕಣ್ಣೀರು ಬಂತು ಎಂದು ಹೆಂಡತಿಯೇ ಹೇಳಿದ್ದಾಳೆ, ಎಂದಿತ್ತು ಅದರಲ್ಲಿ. ನೀಲಾಂಬಿಕಾ ಅದನ್ನು ಸುಮಂಗಲಾಳಿಗೆ ಓದಿ ಹೇಳಿದರು.

"ನಾ ಹಂಗ ಅಂದೇ ಇಲ್ಲರಿ."

"ಯಾವ ಭಾಷಾದಾಗ ಹೇಳಿದ್ರಿ?"

"ಕನ್ನಡದಾಗರಿ. ನನಗ ಅವರ ಭಾಷಾ ಎಲ್ಲಿ ಬರತಿತ್ತು?"

"ಮತ್ತ ಅವರಿಗೆ ತಿಳಿಸಿ ಹೇಳಿದವರು ಯಾರು?"

ಸುಮಂಗಲಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಮ್ಮ ಮನಿಯವರು," ಎಂದಳು.

ವಿಚಾರಣೆಯ ದಿನ ಗಂಡನ ಪರ ಬಂದ ದೊಡ್ಡ ವಕೀಲರು ಆ ವರದಿಯನ್ನೇ ಒತ್ತಿ ಒತ್ತಿ ಓದಿದರು. ಕೇಸು ಸೋತರೆ ಈ ತಾಯಿ ಮತ್ತೆ ಅದೇ ಮನೆಗೆ ಹೋಗಬೇಕು, ಇಲ್ಲವೆ ಮಗಳನ್ನು ಬಿಟ್ಟುಕೊಡಬೇಕು. ನೀಲಾಂಬಿಕಾ ಎದ್ದರು. ದನಿ ಏರಿಸಲಿಲ್ಲ. ಸುಮಂಗಲಾಳ ಮಾತನ್ನು ಪೊಲೀಸರಿಗೆ ದಾಟಿಸಿದವರು ಇಲ್ಲೇ ಕೂತಿದ್ದಾರೆ, ದಯವಿಟ್ಟು ಅವರನ್ನೇ ಕೇಳಬೇಕು ಎಂದರು.

ನ್ಯಾಯಮೂರ್ತಿಗಳು ಗಂಡನ ಕಡೆ ತಿರುಗಿದರು. "ಅದು ನೀವೇನಾ?"

ಆತ ತನ್ನ ವಕೀಲರ ಮುಖ ನೋಡಿದ. "ಹೌದು," ಎಂದ.

ಆಮೇಲೆ ನ್ಯಾಯಮೂರ್ತಿಗಳು ಸುಮಂಗಲಾಳನ್ನು ಕರೆದು, ನಿಮ್ಮ ಮಾತಿನಲ್ಲೇ ಹೇಳಿ ಅಮ್ಮ ಎಂದರು. ಅಬ್ಬಾ, ಅವಳು ಹೇಳಿದ ರೀತಿಯನ್ನು ಹೇಗೆ ಬಣ್ಣಿಸಲಿ! ಅಳಲಿಲ್ಲ, ಬೈಯಲಿಲ್ಲ. ಮಗು ಯಾವ ಬಾಗಿಲ ಹಿಂದೆ ಅಡಗುತ್ತಿತ್ತು, ತನಗೆ ಯಾವ ಕೈ ಎತ್ತಲು ಬರುತ್ತಿರಲಿಲ್ಲ, ಅಷ್ಟನ್ನೇ ಹೇಳಿದಳು. ನಾನು ಬರೀ ಬಟ್ಟೆ, ಆದರೂ ಮೈ ಜುಮ್ಮೆಂದಿತು. ಇಂಚರಾಳನ್ನೂ ಚೇಂಬರಿಗೆ ಕರೆದು ಮಾತಾಡಿಸಿದರು.

ಕೆಲವು ವಾರಗಳಲ್ಲಿ ಆದೇಶ ಬಂತು. ಮಗು ತಾಯಿಯ ಬಳಿಯೇ ಇರಲಿ, ತಂದೆ ಬೇಕಾದರೆ ಇಲ್ಲಿಗೆ ಬಂದು ಕೋರ್ಟಿನ ಸಿಬ್ಬಂದಿಯ ಎದುರಿಗೆ ನೋಡಲಿ.

ಹೊರಗೆ ವರಾಂಡದಲ್ಲಿ ಇಂಚರಾ ನನ್ನ ಅಂಚು ಹಿಡಿದು ಎಳೆದಳು. "ಪಪ್ಪಾಗ ಸಿಟ್ಟು ಬಂದೈತೇನ್ರಿ?"

ನೀಲಾಂಬಿಕಾ ಅವಳ ತಲೆ ಸವರಿದರು. ಸುಮಂಗಲಾ ಬಗ್ಗಿ ಮಗಳ ಮೂಗು ಒರೆಸಿದಳು.

"ಬರಲಿ ಬಿಡವ್ವಾ. ಅವರ ಸಿಟ್ಟು ಅವರ ಕಡೆ ಇರತೈತಿ. ನಡಿ, ಹಸದೀದಿ, ಊಟ ಮಾಡೂಣು."

ಈಗ ನನ್ನ ಅಂಚು ಸವೆದಿದೆ, ಬಣ್ಣ ಬೂದಿಗೆ ತಿರುಗಿದೆ. ಆಫೀಸಿನ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದ್ದೇನೆ. ಇಷ್ಟು ವರ್ಷ ತೀರ್ಪು ಕೇಳುತ್ತಲೇ ಬಂದೆ. ಆ "ಬರಲಿ ಬಿಡವ್ವಾ" ಎಂಬಷ್ಟು ದೊಡ್ಡದನ್ನು ಯಾವ ಪೀಠದಿಂದಲೂ ಕೇಳಿಲ್ಲ.