ಆಷಾಢದಲ್ಲಿ ಒಬ್ಬರೇ ಆಡುವ ಆಟ

ನಂದಕುಮಾರ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬಾಡಿಗೆಯವರು ನಲ್ಲಿ ಸೋರುತ್ತಿದೆ ಎಂದು ಫೋನು ಮಾಡಿದರೆ ಅವರ ಮಾತು ಮುಗಿಯುವ ಮೊದಲೇ ‘ಹೂಂ ಹೂಂ, ನೋಡೋಣ’ ಎಂದು ಇಟ್ಟುಬಿಡುತ್ತಿದ್ದ. ಇಟ್ಟ ಮರುಕ್ಷಣವೇ ಅದೇ ಫೋನಿನಲ್ಲಿ ಯಾವುದೋ ಪರದೇಶದ ಕಂಪನಿಯ ಪುಟ ತೆರೆದು, ಹೊಸ ಸುದ್ದಿ ಬಂತೇ ಎಂದು ಬೆರಳಲ್ಲಿ ಕೆಳಗೆಳೆದು ನೋಡುತ್ತಿದ್ದ. ಹೊಸದಾಗಿ ಮದುವೆಯಾದ ಗಂಡಸು ಹೀಗೆ ಚಡಪಡಿಸಿದರೆ ಊರಿನವರಿಗೆ ತೋಚುವ ಕಾರಣ ಒಂದೇ. ಈ ಪುಣ್ಯಾತ್ಮನದು ಆ ಕಾರಣ ಅಲ್ಲ. ಇವನು ಕಾಯುತ್ತಿದ್ದುದು ಒಂದು ವಿಡಿಯೋ ಗೇಮಿಗೆ!

ಅದರ ಹೆಸರು ಸೆವೆಂತ್ ಆರ್ಬಿಟ್. ಮೊದಲ ಭಾಗ ಬಂದಾಗ ನಂದ ಡಿಗ್ರಿ ಓದುತ್ತಿದ್ದ. ಆಡುವವನೇ ಒಂದು ಲಟಾರಿ ಆಕಾಶನೌಕೆಯ ಕ್ಯಾಪ್ಟನ್. ಗ್ರಹದಿಂದ ಗ್ರಹಕ್ಕೆ ಹೋಗಬೇಕು, ಸಿಕ್ಕವರ ಕಷ್ಟ ಸುಖ ಕೇಳಬೇಕು, ಯಾರನ್ನು ಉಳಿಸಬೇಕು, ಯಾರನ್ನು ಕೈಬಿಡಬೇಕು ಎಂದು ತಾನೇ ತೀರ್ಮಾನಿಸಬೇಕು. ಎರಡನೇ ಭಾಗ ‘ಬಂತು, ಇನ್ನೇನು ಬಂತು’ ಎನ್ನುತ್ತಲೇ ವರ್ಷಗಳು ಕಳೆದುಹೋದವು. ಈ ಸಲ ನಿಜಕ್ಕೂ ಬರುವ ಹೊತ್ತಿಗೆ ಒಂದು ಗಾಳಿಸುದ್ದಿ ಹಬ್ಬಿತು. ಹೊಸದು ಆನ್‌ಲೈನ್ ಅಂತೆ, ಪ್ರಪಂಚದವರೆಲ್ಲ ಒಂದೇ ಆಕಾಶದಲ್ಲಿ ಒಟ್ಟಿಗೆ ಆಡಬೇಕಂತೆ. ಕಂಪನಿಯವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

“ಆನ್‌ಲೈನ್ ಆದ್ರೆ ಸಖತ್ ಮಗಾ, ನಾನೂ ನೀನೂ ಒಂದೇ ಶಿಪ್ಪಲ್ಲಿ ಹೋಗ್ಬೋದು,” ಎಂದ ಅವನ ಗೆಳೆಯ ಶಿವರಾಮ್. ಮಡಿವಾಳದಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ.

“ಮಡಿವಾಳ ಮಾರ್ಕೆಟ್ ಬೇಕು ಅಂದ್ರೆ ಮಡಿವಾಳಕ್ಕೇ ಬರ್ತೀನಲ್ಲ, ಅದಕ್ಕೆ ಆಕಾಶಕ್ಕೆ ಯಾಕೋ ಹೋಗ್ಬೇಕು?” ಎಂದು ನಂದ ಸಿಡುಕಿದ. “ಅಲ್ಲೂ ಜನ, ಅಲ್ಲೂ ಹಾರ್ನು, ಅಲ್ಲೂ ನುಗ್ಗೋರು. ಒಬ್ಬನೇ ಇರೋದಕ್ಕೇ ಗುರು ಅಲ್ಲಿಗೆ ಹೋಗೋದು!”

ಅವನ ಸಿಡುಕಿಗೆ ಅರ್ಥವಿಲ್ಲದೆ ಇರಲಿಲ್ಲ. ಬಿಳೇಕಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಿಲ್ಡಿಂಗು. ಕೆಳಗೆ ಅಂಗಡಿಗಳು, ಮೇಲೆ ಬಾಡಿಗೆಯವರು, ನಡುವೆ ಅಪ್ಪ ತಿಮ್ಮರಾಯಪ್ಪ, ಅಮ್ಮ ಲಕ್ಷ್ಮಮ್ಮ, ಸೋದರತ್ತೆ, ಬಂದುಹೋಗುವ ನೆಂಟರು. ‘ನಂದಾ, ಮೋಟರ್ ಹಾಕು, ನಂದಾ, ಟ್ಯಾಂಕರ್ ಬಂತು’ ಎಂಬ ಕೂಗು ಬೆಳಗಿನಿಂದ ನಿಲ್ಲುತ್ತಿರಲಿಲ್ಲ. ಅವನ ಜೀವಮಾನದಲ್ಲಿ ಅವನದು ಅಂತ ಒಂದು ಹೊತ್ತು ಇದ್ದರೆ ಅದು ಆ ಲಟಾರಿ ನೌಕೆಯಲ್ಲಿ ಕಳೆದ ಹೊತ್ತು ಮಾತ್ರ. ಹೊಸ ಗೇಮಿಗೆಂದು ಅಪ್ಪನ ಕಾಲು ಕೈ ಹಿಡಿದು ಟೆರೇಸಿನ ಮೇಲಿನ ಸಣ್ಣ ರೂಮನ್ನು ಗಿಟ್ಟಿಸಿಕೊಂಡಿದ್ದ. ಹಳೇ ಸಾಮಾನು ತುಂಬಿದ್ದ ಆ ರೂಮನ್ನು ಗುಡಿಸಿ, ಸುಣ್ಣ ಹೊಡೆಸಿ, ಟಿ.ವಿ. ತೂಗುಹಾಕಿ, ಒಂದು ಕುರ್ಚಿ ಇಟ್ಟ. ಒಂದೇ ಕುರ್ಚಿ. ಲಕ್ಷ್ಮಮ್ಮ ಅದಕ್ಕೆ ‘ರಾಕೆಟ್ ರೂಮು’ ಎಂದು ಹೆಸರಿಟ್ಟರು.

ಇದರ ನಡುವೆಯೇ ಅವನಿಗೆ ಅರ್ಪಿತಳ ಜೊತೆ ಮದುವೆಯಾಯಿತು. ಅರ್ಪಿತ ಸುಬ್ರಹ್ಮಣ್ಯಪುರದ ಹುಡುಗಿ, ಬನಶಂಕರಿಯ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಕುಳ್ಳಗೆ, ಮೆಲುಮಾತಿನವಳು. ಹಿರಿಯರು ನೋಡಿ ಮಾಡಿದ ಮದುವೆ, ಇಬ್ಬರಿಗೂ ಇನ್ನೂ ಒಬ್ಬರನ್ನು ಕಂಡರೆ ಒಬ್ಬರಿಗೆ ಸಂಕೋಚ. ಒಂದು ಸಂಜೆ ಅವಳು ಕಾಫಿ ಹಿಡಿದುಕೊಂಡು ಮೇಲೆ ಬಂದಳು. ನಂದ ಹಳೇ ಭಾಗವನ್ನೇ ಆಡುತ್ತಿದ್ದ. ಲೋಟ ಕೊಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ, “ರೀ, ಹೊಸದರಲ್ಲಿ ಇಬ್ಬರು ಆಡ್ಬೋದಾ?” ಎಂದು ಕೇಳಿದಳು.

ಆ ಹುಡುಗಿ ಕೇಳಿದ್ದೇನು, ಈ ಮಹಾರಾಯ ಹೇಳಿದ್ದೇನು! ಶಿವರಾಮನ ಜೊತೆ ಮಾಡಿದ ಜಗಳದ ಬಿಸಿ ಇನ್ನೂ ಆರಿರಲಿಲ್ಲ. ಪರದೆಯಿಂದ ಕಣ್ಣು ಕೀಳದೆ, “ಇಲ್ಲ ಇಲ್ಲ, ಇದು ಒಬ್ರೇ ಆಡೋದು. ಇನ್ನೊಬ್ರು ಬಂದ್ರೆ ಎಲ್ಲಾ ಕೆಟ್ಟೋಗುತ್ತೆ,” ಎಂದುಬಿಟ್ಟ.

“ಹೌದಾ,” ಎಂದಳು ಅರ್ಪಿತ. ಖಾಲಿ ಲೋಟ ತೆಗೆದುಕೊಂಡು ಇಳಿದುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದದ್ದು ಅವನಿಗೆ ಗೊತ್ತಾಗುವ ಹೊತ್ತಿಗೆ ಆಷಾಢ ಬಂದಿತ್ತು.

ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಹೊಸ ಅಳಿಯನೂ ಅತ್ತೆಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ. ಲಕ್ಷ್ಮಮ್ಮ ಶಾಸ್ತ್ರ ಬಿಡುವವರಲ್ಲ. ಮಡಿಲು ತುಂಬಿ ಸೊಸೆಯನ್ನು ತವರಿಗೆ ಕಳಿಸಿದರು. ಸ್ಕೂಟರಿನಲ್ಲಿ ಹೋದರೆ ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುಟ್ಟಬಹುದಾದ ಸುಬ್ರಹ್ಮಣ್ಯಪುರ ಒಂದೇ ಏಟಿಗೆ ಏಳು ಸಮುದ್ರದಾಚೆ ಹೋಗಿ ಕೂತಿತು.

ಮೊದಲೆರಡು ದಿನ ಅರ್ಪಿತ ಚೆನ್ನಾಗಿಯೇ ಮಾತಾಡಿದಳು. ಆಮೇಲಾಮೇಲೆ ಅವಳ ಮಾತು ಕುಗ್ಗಿತು. “ಊಟ ಆಯ್ತಾ?” ಅಂದರೆ “ಆಯ್ತು.” “ಏನ್ ಮಾಡ್ತಿದ್ದೀಯ?” ಅಂದರೆ “ಏನಿಲ್ಲ ರೀ, ಆಮೇಲೆ ಮಾಡ್ತೀನಿ.” ಆ ಆಮೇಲೆ ಬರುತ್ತಲೇ ಇರಲಿಲ್ಲ. ಇನ್ನೊಬ್ಬರು ಬಂದರೆ ಕೆಟ್ಟುಹೋಗುತ್ತದೆ ಎಂದು ಹೊಸ ಹೆಂಡತಿಗೆ ಹೇಳಿದ ಗಂಡ ಭೂಮಂಡಲದಲ್ಲಿ ತಾನೊಬ್ಬನೇ ಇರಬೇಕು ಎಂದು ನಂದನಿಗೆ ಅನ್ನಿಸಿತು. ಈ ಮಾತನ್ನು ಅವಳು ಎದೆಯಲ್ಲಿಟ್ಟುಕೊಂಡು ವಾಪಸು ಬಂದರೆ? ಒಂದೇ ಮನೆಯಲ್ಲಿ, ಒಂದೇ ರೂಮಿನಲ್ಲಿ, ‘ಹೂಂ, ಆಯ್ತು’ ಎಂದುಕೊಂಡು ಇಡೀ ಆಯುಷ್ಯ ಕಳೆದುಬಿಟ್ಟರೆ? ಆಷಾಢ ಮುಗಿಯುವುದರೊಳಗೆ ಸರಿಮಾಡಬೇಕು. ಹೇಗೆ, ಅದೇ ಗೊತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಬಾಯಿ ಕಟ್ಟುತ್ತಿತ್ತು.

ಆಗ ಕಂಪನಿಯವರು ಬಾಯಿಬಿಟ್ಟರು. ಆನ್‌ಲೈನ್ ಇಲ್ಲ. ಒಬ್ಬರೇ ಆಡುವ ಆಟ, ಮುಂದಿನ ಶುಕ್ರವಾರ ಬಿಡುಗಡೆ.

“ಗೆದ್ದೆ ಬಿಡು ಗುರು, ಪಾರ್ಟಿ ಕೊಡ್ಸು,” ಎಂದು ಶಿವರಾಮ್ ಫೋನು ಮಾಡಿದ. ನಂದ ಕುಣಿದಾಡಬೇಕಿತ್ತು. ಕುಣಿಯುವುದಿರಲಿ, ಅವನಿಗೆ ಅಳು ಬರುವುದೊಂದು ಬಾಕಿ. ಆನ್‌ಲೈನ್ ಆಗಿದ್ದರೆ ಇವನು ಬಿಳೇಕಹಳ್ಳಿಯಲ್ಲಿ, ಅವಳು ಸುಬ್ರಹ್ಮಣ್ಯಪುರದಲ್ಲಿ ಕೂತೇ ಒಂದು ನೌಕೆಯಲ್ಲಿ ಇರಬಹುದಿತ್ತು. ಆಕಾಶಕ್ಕೆ ಯಾವ ಆಷಾಢ? ಅಲ್ಲಿ ಹೊಸ್ತಿಲೇ ಇಲ್ಲ! ತಡೆಯಲಾರದೆ ಕಂಪನಿಯ ಪುಟಕ್ಕೆ ಹೋಗಿ, ‘ದಯವಿಟ್ಟು ಇಬ್ಬರು ಆಡುವ ಹಾಗೆ ಮಾಡಿ’ ಎಂದು ಬರೆದ. ಅಲ್ಲಿ ವರ್ಷಗಟ್ಟಲೆ ಆನ್‌ಲೈನಿನವರನ್ನು ವಾಚಾಮಗೋಚರ ಬೈದವನು ಇವನೇ ಎಂದು ಎಲ್ಲರಿಗೂ ನೆನಪಿತ್ತು. ಅವನ ಹಳೇ ಮಾತುಗಳನ್ನೆಲ್ಲ ಎತ್ತಿ ತಂದು ಅವನ ಮುಖಕ್ಕೇ ಹಿಡಿದರು. ಬಂದ ಉತ್ತರಗಳನ್ನು ಓದಲಾಗದೆ ನಂದ ಫೋನನ್ನು ಬೋರಲು ಹಾಕಿದ.

ಶುಕ್ರವಾರ ಗೇಮು ಬಂತು. ಸಂಜೆ ರಾಕೆಟ್ ರೂಮಿನಲ್ಲಿ ಪರದೆಯ ಮೇಲೆ ‘ಹೊಸ ಪಯಣ’ ಎಂಬ ಅಕ್ಷರಗಳು ಮಿನುಗಿದವು. ಒತ್ತಬೇಕು, ಅಷ್ಟೇ. ಬೆರಳು ಗುಂಡಿಯ ಮೇಲಿತ್ತು. ಅರ್ಪಿತಳಿಗೆ ಫೋನು ಮಾಡಿದ. “ಆಮೇಲೆ ಮಾಡ್ತೀನಿ ರೀ,” ಎಂದು ಅವಳು ಇಟ್ಟಳು. ಎದ್ದು ಟೆರೇಸಿನ ಮೇಲೆ ಅಡ್ಡಾಡಿದ, ತುಂಬಿದ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ, ಮತ್ತೆ ಬಂದು ಕೂತ. ಶನಿವಾರವೂ ಅದೇ ಕಥೆ.

ಭಾನುವಾರ ಊಟವಾದ ಮೇಲೆ ಕಾಲೇಜು ದಿನಗಳ ಬ್ಯಾಗಿಗೆ ಟಿ.ವಿ.ಗೆ ಜೋಡಿಸುವ ಗೇಮಿನ ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರನ್ನೂ ತುಂಬಿಕೊಂಡ. ಜೆ.ಪಿ. ನಗರಕ್ಕೆ ನಲ್ಲಿ ತರಲು ಹೋಗುತ್ತೇನೆ ಎಂದು ಅಮ್ಮನಿಗೆ ಹೇಳಿ ಸ್ಕೂಟರ್ ಹತ್ತಿದ. ಅವನ ಉಪಾಯ ಹೀಗಿತ್ತು: ಹೊಸ್ತಿಲು ದಾಟಬಾರದು, ಸರಿ. ಹೊರಗೆ ಪೋರ್ಟಿಕೋದಲ್ಲಿ ಕೂರುತ್ತೇನೆ. ಟಿ.ವಿ. ಒಳಗಿದೆ, ಅವಳೂ ಒಳಗಿರುತ್ತಾಳೆ. ಕಂಟ್ರೋಲರಿಗೆ ವೈರಿಲ್ಲ, ಅದನ್ನು ಹೊಸ್ತಿಲ ಮೇಲಿಂದ ಅವಳ ಕೈಗೇ ಕೊಡುತ್ತೇನೆ. ಮೊದಲ ಗುಂಡಿ ಅವಳೇ ಒತ್ತಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡ.

ಸುಬ್ರಹ್ಮಣ್ಯಪುರದಲ್ಲಿ ಗೇಟಿನ ಸದ್ದಿಗೆ ಇಣುಕಿದ ಅತ್ತೆ ಹೌಹಾರಿ ಅಡುಗೆಮನೆಗೆ ಓಡಿದರು. “ಅಯ್ಯೋ, ಒಳಗ್ ಬರ್ಬೇಡಿ ಅಳಿಯಂದ್ರೆ! ಅಲ್ಲೇ ಕೂತ್ಕೊಳ್ಳಿ! ಅರ್ಪಿತಾ, ಕುರ್ಚಿ ಹಾಕೇ!”

ಅರ್ಪಿತ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ, ತಾನು ಹೊಸ್ತಿಲ ಒಳಗೆ ನೆಲದ ಮೇಲೆ ಕೂತಳು. ನಂದ ನೀರು ಕೂಡ ಕುಡಿಯದೆ ಬ್ಯಾಗು ತೆರೆದ. “ಅವತ್ತು ನಾನು ಹಂಗ್ ಹೇಳ್ಬಾರ್ದಿತ್ತು. ನಿನಗಲ್ಲ ಹೇಳಿದ್ದು, ಬಾಯಿಗೆ ಬಂತು, ಹೇಳ್ಬಿಟ್ಟೆ. ಇಲ್ನೋಡು, ಇನ್ನೂ ಶುರು ಮಾಡಿಲ್ಲ. ನೀನೇ ಶುರು ಮಾಡು. ನಾನ್ ನೋಡ್ತಾ ಕೂತಿರ್ತೀನಿ.”

ಅರ್ಪಿತ ಕಂಟ್ರೋಲರನ್ನು ನೋಡಿದಳು, ಅವನನ್ನು ನೋಡಿದಳು, ತುಟಿ ಕಚ್ಚಿಕೊಂಡಳು. “ನಾನು ಆಗ್ಲೇ ಮೂರನೇ ಗ್ರಹದಲ್ಲಿದ್ದೀನಿ ರೀ.”

“ಏನು?”

“ತಮ್ಮ ಹಾಸ್ಟೆಲ್ಲಲ್ಲಿದ್ದಾನಲ್ಲ, ಅವನ ಕಂಪ್ಯೂಟರ್ ಇಲ್ಲೇ ಇದೆ. ಮೊದಲು ಹಳೇದು ಆಡ್ದೆ. ಹೊಸದನ್ನ ಶುಕ್ರವಾರನೇ ಹಾಕ್ಕೊಂಡೆ.”

ನಂದನ ಮುಖ ಸಪ್ಪಗಾಯಿತು. ಅಷ್ಟು ವರ್ಷ ಕಾದವನು ತಾನು, ಮೂರನೇ ಗ್ರಹ ಮುಟ್ಟಿದವಳು ಇವಳು! “ನನಗ್ ಒಂದ್ ಮಾತು ಹೇಳ್ಲಿಲ್ಲ?”

“ಹೇಳಿದ್ರೆ ಹೆಂಗ್ ಆಡ್ಬೇಕು ಅಂತ ಫೋನಲ್ಲೇ ಪಾಠ ಮಾಡ್ತಿದ್ರಿ.” ಅವಳು ನಕ್ಕಳು, ನಗು ಅಲ್ಲೇ ನಿಂತಿತು. ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಅವತ್ತು ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಇಲ್ಲಿಗ್ ಬಂದು ರೂಮ್ ಬಾಗಿಲು ಹಾಕ್ಕೊಂಡು ಒಬ್ಬಳೇ ಆಡ್ದಾಗ ನೀವು ಹೇಳಿದ್ದು ಸರಿ ಅನ್ನಿಸ್ತು. ಮದುವೆ ಆದಾಗಿಂದ ನಾನು ಒಬ್ಬಳೇ ಇದ್ದದ್ದು ಬಾತ್‌ರೂಮಲ್ಲಿ ಮಾತ್ರ. ಎಲ್ಲಾರೂ ಚೆನ್ನಾಗೇ ನೋಡ್ಕೋತಾರೆ, ಅತ್ತೆ ಅಂತೂ ಮಗಳ ಥರ. ಆದ್ರೆ ಹಗಲಲ್ಲಿ ಬಾಗಿಲು ಹಾಕ್ಕೊಂಡ್ರೆ ‘ಹುಷಾರಿಲ್ವಾ’ ಅಂತ ಮೂರ್ ಸಲ ಬಡೀತಾರೆ. ಆಷಾಢ ಮುಗಿಯೋದೇ ಬೇಡ ಅನ್ನಿಸ್ಬಿಟ್ಟಿದೆ ರೀ. ನಿಮ್ಮ ಮೇಲಿನ ಸಿಟ್ಟಿಗಲ್ಲ.”

ಆ ಮನೆಯ ಗದ್ದಲ ಎಷ್ಟೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅದನ್ನು ತಪ್ಪಿಸಿಕೊಳ್ಳಲು ಅವನು ಇನ್ನೊಂದು ಸೌರಮಂಡಲಕ್ಕೇ ಓಡಿದ್ದ. ಕೆಳಗೆ ಉಳಿದವಳಿಗೂ ಓಡಬೇಕು ಅನ್ನಿಸಬಹುದು ಎಂದು ಮಾತ್ರ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

“ಏನ್ ಮಾಡ್ಲಿ ಹೇಳು,” ಎಂದ.

“ಮೇಲಿನ ರೂಮು ನನಗೂ ಬೇಕು. ಸ್ಕೂಲಿಂದ ಬಂದ್ಮೇಲೆ ದೀಪ ಹಚ್ಚೋವರೆಗೂ. ಆಡ್ತೀನೋ, ಓದ್ತೀನೋ, ಗೋಡೆ ನೋಡ್ತಾ ಕೂರ್ತೀನೋ, ಯಾರೂ ಕೇಳ್ಬಾರ್ದು.” ಅವಳು ತಲೆ ಎತ್ತಿ ನೇರವಾಗಿ ನೋಡಿದಳು. “ನೀವೂ ಬರ್ಬಾರ್ದು.”

ದಿನದಲ್ಲಿ ಅವನಿಗೆ ಸಿಗುತ್ತಿದ್ದ ಬಿಡುವು ಸಂಜೆಯ ಆ ಹೊತ್ತೊಂದೇ. ಅದು ಅವಳಿಗೂ ಗೊತ್ತಿತ್ತು. ನಂದನಿಗೆ ಒಂದು ಗಳಿಗೆ ಹೊಟ್ಟೆ ಉರಿಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಒಳಗಿನಿಂದ ಅತ್ತೆ ಕಾಫಿ ಕಳಿಸಿದರು. ಕುಡಿದು, ಬ್ಯಾಗು ಹೆಗಲಿಗೆ ಹಾಕಿಕೊಂಡು, “ಆಯ್ತು,” ಎಂದ.

ಹಿಂದಿರುಗುವಾಗ ನಲ್ಲಿ ತರಲಿಲ್ಲ. ಬಿಳೇಕಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಗಟ್ಟಿ ಚಿಲಕವನ್ನೂ ನಾಲ್ಕು ಸ್ಕ್ರೂಗಳನ್ನೂ ಕೊಂಡು ಸೀದಾ ಟೆರೇಸು ಹತ್ತಿದ. ಸಾಮಾನಿನ ಕೋಣೆಯಾಗಿದ್ದರಿಂದ ಆ ಬಾಗಿಲಿಗೆ ಬೀಗ ಹಾಕಲು ಹೊರಗೆ ಮಾತ್ರ ಕೊಂಡಿಯಿತ್ತು, ಒಳಗೆ ಏನೂ ಇರಲಿಲ್ಲ. ಡ್ರಿಲ್ಲಿನ ಸದ್ದಿಗೆ ಲಕ್ಷ್ಮಮ್ಮ ಏದುಸಿರು ಬಿಡುತ್ತಾ ಮೇಲೆ ಬಂದರು.

“ಏನೋ ಇದು? ಒಳಗ್ಯಾಕೋ ಚಿಲಕ?”

“ಅರ್ಪಿತಂಗೆ. ಸಂಜೆ ಹೊತ್ತು ಅವಳು ಇಲ್ಲಿರ್ತಾಳೆ. ಒಬ್ಬಳೇ.”

ಲಕ್ಷ್ಮಮ್ಮನ ಮುಖ ಬಾಡಿತು. “ಸುಬ್ರಹ್ಮಣ್ಯಪುರಕ್ಕೆ ಹೋಗಿದ್ಯಾ? ಆಷಾಢದಲ್ಲಿ?” ಎಂದರು. “ಹೊಸ್ತಿಲು ದಾಟಿಲ್ಲಮ್ಮ,” ಎಂದ ನಂದ. ಅವರು ಚಿಲಕದ ಕಡೆ ಕೈ ತೋರಿಸಿದರು. “ನಮ್ಮ ಮನೇಲಿ ಯಾರು ಯಾರಿಗೆ ಬಾಗಿಲು ಹಾಕಿದ್ದಾರೋ? ಯಾರನ್ನ ಆಚೆ ಇಡೋಕೆ ಇದು? ನನ್ನನ್ನಾ?”

“ನನ್ನನ್ನ ಕಣಮ್ಮ,” ಎಂದ ನಂದ.

ಲಕ್ಷ್ಮಮ್ಮ ರೂಮಿನೊಳಗೆ ಇಣುಕಿದರು. ಆ ಒಂದೇ ಕುರ್ಚಿ, ಆರಿದ ಪರದೆ, ಸುಣ್ಣದ ಗೋಡೆ. ಕೆಳಗಿನಿಂದ ತಿಮ್ಮರಾಯಪ್ಪ ಹೆಂಡತಿಯ ಹೆಸರು ಹಿಡಿದು ಕೂಗಿದರು, ಮತ್ತೊಮ್ಮೆ ಕೂಗಿದರು. ಲಕ್ಷ್ಮಮ್ಮ ಓಗೊಡಲಿಲ್ಲ. ನಂದ ಚಿಲಕವನ್ನು ತನ್ನ ತಲೆಯೆತ್ತರಕ್ಕೆ ಇಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿದ. ಅವರು ಸೆರಗು ಸಿಕ್ಕಿಸಿಕೊಂಡು ಬಂದು, ಬಾಗಿಲು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಇನ್ನೂ ಕೆಳಗೆ ಹಾಕೋ,” ಎಂದರು. “ಅಷ್ಟು ಮೇಲೆ ಅವಳಿಗೆ ಎಟುಕಲ್ಲ.”