ಮೊಲದ ಹೊಟ್ಟೆಗೆ ಹಾಕಿದ ಹೊಲಿಗೆ

ಸೇಲಂ ಪೇಟೆಯ ಗುಗೈ ಕೇರಿಯಲ್ಲಿ ನೇಕಾರ ಮುನಿಕೃಷ್ಣಪ್ಪನ ಹೆಂಡತಿ ಸೊಣ್ಣಮ್ಮ ಒಂದು ಬಿಳಿ ಮೊಲ ಸಾಕಿದ್ದಳು. ರೈಲ್ವೆ ಗಾರ್ಡಾಗಿದ್ದ ಬಿಳಿಯ ದೊರೆಯೊಬ್ಬನ ಮನೆಯವರು ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು. ಮಕ್ಕಳಿಲ್ಲದ ಮನೆ; ಅದನ್ನು ಕೂಸು ಎಂದೇ ಕರೆಯುತ್ತಿದ್ದಳು. ಮುನಿಕೃಷ್ಣಪ್ಪನಿಗೆ ಅದರ ಗೊಡವೆ ಇರಲಿಲ್ಲ.

ಮೆಟ್ಟೂರು ಅಣೆಕಟ್ಟು ಮುಗಿದ ವರ್ಷ, ಆಡಿ ತಿಂಗಳಲ್ಲಿ, ಮೊಲದ ಹೊಟ್ಟೆಯಡಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿತು. ಒತ್ತಿದರೆ ಒಳಕ್ಕೆ ಹೋಗುವುದು, ಬಿಟ್ಟರೆ ಮತ್ತೆ ಇಳಿಯುವುದು. ಸೊಣ್ಣಮ್ಮ ಅರಿಶಿನ ಹಚ್ಚಿ ನೋಡಿದಳು. ಗಂಟು ಬೆಳೆಯಿತೇ ಹೊರತು ಕರಗಲಿಲ್ಲ. ಕಡೆಗೆ ಮೊಲವನ್ನು ಬಿದಿರು ಬುಟ್ಟಿಯಲ್ಲಿಟ್ಟುಕೊಂಡು ದನದಾಸ್ಪತ್ರೆಗೆ ಹೋದಳು.

ಡಾಕ್ಟರ್ ಅರುಣಾಚಲಂ ಮುಟ್ಟಿ ನೋಡಿ ತಮಿಳಿನಲ್ಲಿ ವಿವರಿಸಿದರು: ಒಳಗಿನ ಪದರ ಬಿಟ್ಟುಕೊಂಡು ಕರುಳು ಚರ್ಮದ ಕೆಳಗೆ ಇಳಿದಿದೆ, ಕೊಯ್ದು, ಒಳಗೆ ಸೇರಿಸಿ ಹೊಲಿಯಬೇಕು. ಕರುಗಳಿಗೆ ಮಾಡಿದ್ದುಂಟು, ಮೊಲಕ್ಕೆ ಮಾಡಿಲ್ಲ. ಕ್ಲೋರೋಫಾರಂ ತುಸು ಹೆಚ್ಚಾದರೂ ಅದು ಏಳುವುದಿಲ್ಲ. ಹಾಗೇ ಬಿಟ್ಟರೆ ಒಂದು ದಿನ ಕರುಳು ಸಿಕ್ಕಿಕೊಂಡು ಸಾಯುತ್ತದೆ. ತಮ್ಮಲ್ಲಿರುವುದು ಎತ್ತಿನ ಚರ್ಮಕ್ಕೆ ಹಾಕುವ ದಾರ, ನಾಳೆ ಸಣ್ಣ ರೇಷ್ಮೆ ತರುವುದಾದರೆ ನೋಡೋಣ ಎಂದರು.

ಮನೆಗೆ ಬಂದು ಹೇಳಿದಾಗ, “ಮೊಲಕ್ಕೂ ಆಪರೇಷನ್ನಾ?” ಅಂದ ಮುನಿಕೃಷ್ಣಪ್ಪ.

“ಊಂ. ರೇಷ್ಮೆ ಎಳೆ ಬೇಕಂತೆ.”

ಅವನು ಎದ್ದು ಮಗ್ಗದ ಕಡೆ ಹೋದ. ಸ್ವಲ್ಪ ಹೊತ್ತಿನ ಮೇಲೆ, ಪಂಚೆಯ ಅಂಚಿಗೆಂದು ಇಟ್ಟಿದ್ದ ರೇಷ್ಮೆಯಲ್ಲಿ ಎರಡೆಳೆ ಸೇರಿಸಿ ಹುರಿಮಾಡಿ ತಂದ. “ಒಂಟಿ ಎಳೆ ಕಿತ್ತೋಗ್ತದೆ. ಇದ ತಕ್ಕೊಂಡೋಗು.”

ಮಾರನೆಯ ದಿನ ಡಾಕ್ಟರು ಆ ಎಳೆಯನ್ನು ನೀರಿನಲ್ಲಿ ಕುದಿಸಿದರು. ಮೊಲವನ್ನು ಹಿಡಿದುಕೊಳ್ಳಲು ಸೊಣ್ಣಮ್ಮನನ್ನೇ ಕರೆದರು. ಔಷಧಿಯ ಹತ್ತಿ ಮೂಗಿನ ಹತ್ತಿರ ಬಂದಾಗ ಮೊಲ ಒದ್ದಾಡಿ ಒಮ್ಮೆ ಕಿರುಚಿತು. ಮೊಲಕ್ಕೆ ದನಿಯಿದೆ ಎಂಬುದೇ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆದರೂ ಹಿಡಿತ ಸಡಿಲಿಸಲಿಲ್ಲ. ಕೊಯ್ಯುವ ನಡುವೆ ಮೊಲದ ಉಸಿರು ನಿಂತಿತು. ಡಾಕ್ಟರು ಹತ್ತಿ ಎಸೆದು, ಎದೆಯನ್ನು ಬೆರಳಿನಿಂದ ಒತ್ತಿ ಒತ್ತಿ ಬಿಟ್ಟರು. ಉಸಿರು ಮರಳಿತು. ಅವರು ಬೇಗ ಬೇಗ ಹೊಲಿಗೆ ಮುಗಿಸಿದರು.

ಮನೆಯಲ್ಲಿ ಮೊಲ ಏನನ್ನೂ ಮುಟ್ಟಲಿಲ್ಲ. ಹೊಲಿಗೆ ಕಡಿಯದಂತೆ ಹೊಟ್ಟೆಗೆ ಬಟ್ಟೆ ಸುತ್ತಿ, ಸೊಣ್ಣಮ್ಮ ಬಾಯಿಗೆ ಗಂಜಿ ಬಿಡುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ಅದು ಅಗಸೆ ಸೊಪ್ಪು ಕಡಿಯಿತು, ಮುನಿಕೃಷ್ಣಪ್ಪನ ಕೈಯಿಂದ. ಅವಳ ಕೈ ಕಂಡರೆ ಮೂಲೆಗೆ ಸರಿಯುತ್ತಿತ್ತು.

“ಅವತ್ತು ನೀನು ಅದುಮಿ ಇಡ್ಕೊಂಡಿದ್ದು ಮರ್ತಿಲ್ಲ ಅದು,” ಅಂದ ಅವನು.

“ಮರೀದಿದ್ರೆ ಇರ್ಲಿ. ಬದುಕೈತಲ್ಲ,” ಅಂದಳು. ಒಲೆಯ ಮುಂದೆ ಕೂತಾಗ ಮಾತ್ರ ಅವಳಿಗೆ ಊಟ ಸೇರಲಿಲ್ಲ.

ಗಾಯ ಮಾಯಿತು, ಗಂಟು ಮತ್ತೆ ಬರಲಿಲ್ಲ. ಚಳಿಯ ಮಾರ್ಗಳಿ ತಿಂಗಳು ಕಳೆಯುವ ಹೊತ್ತಿಗೆ ಮೊಲ ಅವಳ ಕೈಯಿಂದಲೂ ತಿನ್ನತೊಡಗಿತು. ಎತ್ತಿಕೊಳ್ಳಲು ಮಾತ್ರ ಬಿಡಲಿಲ್ಲ.