ಡಬ್ಬಿಯಲ್ಲಿದ್ದ ಕಫ

ಮಧುವನಹಳ್ಳಿಯ ಮೇಲೆ ಮಂಜು ಹಸಿ ಕಂಬಳಿಯಂತೆ ಬಿದ್ದಿದ್ದ ಆ ಬೆಳಗ್ಗೆ, ಗುರುಬಸಮ್ಮ ಸತ್ತ ಮೈದುನನ ಗಡ್ಡಕ್ಕೆ ಅಂಟಿದ ರಕ್ತ ಒರೆಸುತ್ತಿದ್ದಳು. ಒರೆಸಿದಷ್ಟೂ ಹೋಗದು. ರೇಷ್ಮೆಗೂಡು ಬೇಯುವ ಬಾಣಲೆಯ ಮುಂದೆ ರಾಟೆ ತಿರುಗಿಸುತ್ತಲೇ ಆಯುಷ್ಯ ಸವೆಸಿದ ಚಿಕ್ಕಮಾದಪ್ಪ, ಹೆಂಡತಿ ತೀರಿಕೊಂಡ ಮೇಲೆ ಇವರ ಹಿತ್ತಿಲ ಕೋಣೆಯಲ್ಲೇ ಇದ್ದವನು. ಯಾರಿಗೂ ಒಂದು ಗಡಸು ಮಾತಾಡಿದವನಲ್ಲ.

ಜಗಲಿಯಲ್ಲಿ ಗಂಡ ಷಡಕ್ಷರಿ, ಬೀಗನಾಗಲಿದ್ದ ಯಳಂದೂರಿನ ಗುರುಸಿದ್ದಯ್ಯನಿಗೆ ಹೇಳುತ್ತಿದ್ದ:

"ಗೂಡಿನ ಹಬೆ ಕುಡ್ದು ಕುಡ್ದು ಉಷ್ಣ ಏರ್ಬುಡ್ತು ಕಣ್ರಿ. ಕ್ಷಯ ಅಲ್ಲ ಅಂತ ಆಸ್ಪತ್ರೆನೋರೇ ಅಂದವ್ರೆ."

"ಅಂಗಾದ್ರೆ ಸರಿ ಬುಡಿ. ನಂಗೂ ಅದೇ ಅಳುಕಿತ್ತು."

ಗುರುಬಸಮ್ಮ ಬಟ್ಟೆ ಹಿಂಡಿ ಮತ್ತೆ ಒರೆಸತೊಡಗಿದಳು.

*

ಕೆಲವು ತಿಂಗಳ ಹಿಂದೆ, ಚಿಕ್ಕಮಾದಪ್ಪ ರಕ್ತ ಕೆಮ್ಮತೊಡಗಿದಾಗ, ಕೊಳ್ಳೇಗಾಲದ ಡಾಕ್ಟರು ಮುಚ್ಚಳದ ಡಬ್ಬಿ ಕೊಟ್ಟಿದ್ದರು. "ಕೆಮ್ಮಿದ್ರೆ ರಕ್ತ ಬರೋಕೆ ಕಾರಣ ಹಲವು. ಹೃದಯ ಕೆಟ್ರೂ ಬರುತ್ತೆ, ಶ್ವಾಸಕೋಶದ ಹಳೇ ಗಾಯಕ್ಕೂ ಬರುತ್ತೆ. ಮೊದಲು ಕ್ಷಯವೋ ಅಲ್ಲವೋ ನೋಡೋಣ. ಬೆಳಗ್ಗೆ ಎದ್ದಕೂಡಲೇ ಎದೆಯಾಳದಿಂದ ಕೆಮ್ಮಿ, ಕಫ ಹಿಡಿದು ಕಳಿಸಿ."

ಚಿಕ್ಕಮಾದಪ್ಪ ಹಾಗೇ ಮಾಡಿ, ಆಸ್ಪತ್ರೆಗೆ ಒಯ್ಯಲು ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟ. "ಅಣ್ಣ ಔಸ್ದಿ ತತ್ತಾನೆ ಕಣತ್ತಿಗಮ್ಮ, ಅಳ್ಬೇಡಿ" ಎಂದು ನಕ್ಕ.

ಷಡಕ್ಷರಿ ಅದನ್ನು ತಿಪ್ಪೆಗೆ ಸುರಿದು, ಡಬ್ಬಿ ತೊಳೆದು, ಕ್ಯಾಕರಿಸಿ ತನ್ನದನ್ನೇ ಉಗುಳಿದ.

"ಥೂ! ಇದೇನ್ ಮಾಡ್ತಾ ಇದ್ದೀರಿ?" ಎಂದಳು ಗುರುಬಸಮ್ಮ.

"ಬಾಯ್ಮುಚ್ಚು. ಕ್ಷಯದ ಮನೆ ಅಂದ್ರೆ ನಮ್ ಮಗಳು ಶಿವರತ್ನನ್ನ ಯಾರ್ ತಕಂಡೋದಾರು? ಮದ್ವೆ ಒಂದ್ ಆಗ್ಲಿ."

ಅವಳು ಬಾಯಿ ಮುಚ್ಚಿದಳು. ಆಸ್ಪತ್ರೆಯಿಂದ ಕ್ಷಯವಿಲ್ಲವೆಂಬ ಚೀಟಿ ಬಂತು, ಔಷಧಿ ಬರಲಿಲ್ಲ.

*

ಅಂತ್ಯಕ್ರಿಯೆಗೆ ಬಂದ ಜಂಗಮ ಮಹದೇವಯ್ಯನವರು ಚಿಕ್ಕಮಾದಪ್ಪನ ಹಣೆಗೆ ವಿಭೂತಿ ಹಚ್ಚಿ, ಕುಳ್ಳಿರಿಸಿದ ದೇಹದ ಮೇಲೆ ಬಿಲ್ವಪತ್ರೆ ಹಾಕಿದರು. ಶಿವನ ಪಾದ ಸೇರಿದ ಎಂದರು ಜನ. ಷಡಕ್ಷರಿ ಎಲ್ಲರಿಗಿಂತ ಗಟ್ಟಿಯಾಗಿ ಅತ್ತ. ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಗುರುಬಸಮ್ಮ ಅವನ ಬಾಯಿಯನ್ನೇ ನೋಡಿದಳು.

ಮಣ್ಣು ಮುಗಿಸಿ ಬಂದಾಗ ಮಗಳು ಹಿತ್ತಿಲಲ್ಲಿ ಕೆಮ್ಮುತ್ತಿದ್ದಳು. ಚಿಕ್ಕಪ್ಪನಿಗೆ ದಿನವೂ ಗಂಜಿ ಕುಡಿಸಿದವಳು ಅವಳೇ. ಅವಳು ಬಾಯಿಗೊತ್ತಿಕೊಂಡಿದ್ದ ಸೆರಗನ್ನು ಗುರುಬಸಮ್ಮ ಕಿತ್ತು ನೋಡಿದಳು. ಕೆಂಪು.

"ಯಾವಾಗಿಂದವ್ವ?"

"ಅಪ್ಪಂಗೆ ಗೊತ್ತು ಕಣವ್ವ. ಮದ್ವೆಗಂಟ ಯಾರ್ಗೂ ಯೋಳ್ಬೇಡ ಅಂದವ್ರೆ."

ಗುರುಬಸಮ್ಮ ಅಲ್ಲೇ ಗೋಡೆ ಹಿಡಿದು ವಾಂತಿ ಮಾಡಿದಳು. ಬಾಯಿ ತೊಳೆದು ಒಳಗೆ ಹೋಗಿ ಪೆಟ್ಟಿಗೆ ತೆಗೆದಳು.

ಜಗಲಿಯಲ್ಲಿ ಗುರುಸಿದ್ದಯ್ಯ ಹೊರಟು ನಿಂತಿದ್ದ.

"ಮಗಳಿಗೂ ಅದೇ ಕ್ಷಯ ಬಂದದೆ. ಆಸ್ಪತ್ರೆಗೆ ಕರ್ಕಂಡೋಯ್ತಾ ಇವ್ನಿ."

"ಏನೇ ಅದು?" ಎಂದು ಷಡಕ್ಷರಿ ಎದ್ದ. ಅವಳು ಅತ್ತ ತಿರುಗಲಿಲ್ಲ. ಅವನ ಮನೆಯಿಂದ ಬಂದಿದ್ದ, ಮಡಿಕೆಯೂ ಬಿಚ್ಚದ ನಿಶ್ಚಯದ ಸೀರೆಯನ್ನು ಗುರುಸಿದ್ದಯ್ಯನ ಎರಡೂ ಕೈಗಳ ಮೇಲೆ ಮೆಲ್ಲನೆ ಇಟ್ಟಳು.